ಧರೆಯ ಮಣ್ಣು, ತೋಟದ ಮಣ್ಣು: ಮಲೆನಾಡಿನ ಕೆಂಪು ನೆಲದೊಳಗೆ ಏನಿದೆ

ಘಾಟಿಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆ ಹೊಸ ಧರೆ ನಿಂತಿರುತ್ತದೆ. ಅದರ ಬುಡದಿಂದ ಒಂದು ಉಂಡೆ ಕಿತ್ತು ನೋಡಿ. ಕಣ್ಣಿಗೆ ಅದು ಕಲ್ಲೇ. ನೈಸ್ ಶಿಲೆಯ ಕಪ್ಪು ಬಿಳಿ ಪಟ್ಟೆಗಳು ಇದ್ದ ಹಾಗೇ ಇವೆ. ಬೆರಳಲ್ಲಿ ಒತ್ತಿದರೆ ಮಾತ್ರ ರವೆ ಉಂಡೆಯಂತೆ ಉದುರುತ್ತದೆ. ಉದುರಿದ್ದನ್ನು ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿಯಿರಿ. ಗಾಜಿನ ಚೂರಿನಂತೆ ಮಿನುಗುವುದು ಬೆಣಚುಕಲ್ಲು, ಅದಕ್ಕೆ ಏನೂ ಆಗಿಲ್ಲ. ಅಕ್ಕಿಹಿಟ್ಟಿನ ಹಾಗೆ ಬೆರಳಿಗೆ ಮೆತ್ತಿಕೊಳ್ಳುವ ಬಿಳಿ ಚುಕ್ಕೆ ಒಂದು ಕಾಲಕ್ಕೆ ಫೆಲ್ಡ್‌ಸ್ಪಾರ್ ಆಗಿತ್ತು, ಈಗ ಕಯೋಲಿನೈಟ್ ಎಂಬ ಜೇಡಿ. ಕಾಗೆ ಬಂಗಾರ ಎಂದು ಮಕ್ಕಳು ಆರಿಸಿಕೊಳ್ಳುವ ಹೊಳಪಿನ ಹಾಳೆಗಳು, ಕಪ್ಪು ಅಭ್ರಕ ತನ್ನ ಪೊಟ್ಯಾಸಿಯಂ ಕಳೆದುಕೊಂಡು ಹೊನ್ನಬಣ್ಣಕ್ಕೆ ತಿರುಗಿದ್ದು. ಸುತ್ತಲೂ ಹರಡಿರುವ ತುಕ್ಕಿನ ಬಣ್ಣ ಆ ಅಭ್ರಕದೊಳಗಿದ್ದ ಕಬ್ಬಿಣದ್ದು.

ತೋಟದ ಮಣ್ಣೂ ಇದೇ ಸರಕಿನದು, ಇನ್ನಷ್ಟು ಸಾವಿರ ಮಳೆಗಾಲ ಕಂಡಿದೆ ಅಷ್ಟೆ. ಆದರೆ ಅಡಿಕೆಗೋ ಕಾಫಿಗೋ ಗೊಬ್ಬರದ ಲೆಕ್ಕ ಹಾಕುವಾಗ ಈ ಖನಿಜಗಳನ್ನು ಯಾರೂ ನೆನೆಯುವುದಿಲ್ಲ. ಬಯಲುಸೀಮೆಯ ಮಣ್ಣಿಗೆ ಹೊಂದುವ ಲೆಕ್ಕವನ್ನೇ ಘಟ್ಟಕ್ಕೂ ಹತ್ತಿಸುತ್ತೇವೆ, ತಪ್ಪುವುದು ಅಲ್ಲೇ. ಮಲೆನಾಡಿನಲ್ಲಿ ಪೋಷಕಾಂಶಗಳನ್ನು ಹಿಡಿದಿಟ್ಟುಕೊಂಡಿರುವುದು ಮೇಲಿನ ಒಂದು ಗೇಣು ಕಪ್ಪು ಮಣ್ಣು. ಅದರ ಕೆಳಗಿನ ಕೆಮ್ಮಣ್ಣು ರಂಜಕವನ್ನು ನುಂಗುತ್ತದೆ, ಹುಳಿ ಏರಿದರೆ ಅಲ್ಯೂಮಿನಿಯಂ ಉಗುಳುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿವರ.

ಬಂಡೆಯಿಂದ ಏನು ಹೋಯಿತು, ಏನು ಉಳಿಯಿತು

ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಕೊಳೆಯುವ ದರಗಿನ (ಉದುರಿದ ಎಲೆಯ) ಆಮ್ಲಗಳನ್ನೂ ಹೀರಿಕೊಂಡು ಬಂಡೆಯ ಬಿರುಕಿಗೆ ಇಳಿಯುತ್ತದೆ. ಮೊದಲು ಕರಗಿ ಹೋಗುವುದು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ. ಆಮೇಲೆ ನಿಧಾನವಾಗಿ ಸಿಲಿಕಾ. ಅಲ್ಯೂಮಿನಿಯಂ ಮತ್ತು ಕಬ್ಬಿಣ ನೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಇದ್ದಲ್ಲೇ ಉಳಿದು ಹೊಸ ಖನಿಜ ಕಟ್ಟುತ್ತವೆ. ಪೊಟ್ಯಾಷ್ ಫೆಲ್ಡ್‌ಸ್ಪಾರ್ ಕಯೋಲಿನೈಟ್ ಆಗುವಾಗ ತನ್ನ ಪೊಟ್ಯಾಸಿಯಂ ಪೂರ್ತಿಯನ್ನೂ ಸಿಲಿಕಾದಲ್ಲಿ ಮೂರನೇ ಎರಡು ಪಾಲನ್ನೂ ಬಿಟ್ಟುಕೊಡುತ್ತದೆ. ನೀರು ಇನ್ನೂ ಹರಿಯುತ್ತಲೇ ಇದ್ದರೆ ಕಯೋಲಿನೈಟ್‌ನಲ್ಲಿ ಉಳಿದ ಸಿಲಿಕಾವೂ ಹೋಗಿ ಗಿಬ್ಸೈಟ್ ಉಳಿಯುತ್ತದೆ. ಅದು ಬರೀ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಬಾಕ್ಸೈಟ್ ಅದಿರಿನ ಮುಖ್ಯ ಖನಿಜ.

ಗಿಬ್ಸೈಟ್ ಸಿಕ್ಕಿತೆಂದರೆ ಮಣ್ಣು ಬಹಳ ಹಳೆಯದು ಎಂದು ತೀರ್ಮಾನಿಸುವ ರೂಢಿಯಿದೆ. ಘಟ್ಟದಲ್ಲಿ ಇದು ಸರಿಹೋಗದು. ಕಡಿದಾದ ಇಳಿಜಾರು, ವರ್ಷಕ್ಕೆ ಹಲವು ಮೀಟರ್ ಮಳೆ, ನೀರು ನಿಲ್ಲದ ಬಿರುಕು ಇರುವಲ್ಲಿ ಸಿಲಿಕಾ ತಕ್ಷಣ ತೊಳೆದು ಹೋಗುವುದರಿಂದ ಫೆಲ್ಡ್‌ಸ್ಪಾರ್ ನೇರವಾಗಿ ಗಿಬ್ಸೈಟ್ ಆಗಬಲ್ಲದು. ಅರೆಕೊಳೆತ ಬಂಡೆಯಲ್ಲೇ ಗಿಬ್ಸೈಟ್, ಅದರ ಮೇಲಿನ ಮಣ್ಣಿನಲ್ಲಿ ಕಯೋಲಿನೈಟ್ ಸಿಗುವ ಜಾಗಗಳೂ ಇವೆ. ವಯಸ್ಸಿಗಿಂತ ನೀರು ಹರಿದು ಹೋಗುವ ವೇಗ ಇಲ್ಲಿ ದೊಡ್ಡ ಮಾತು.

ಮೂಲ ಶಿಲೆಯ ಗುರುತೂ ಉಳಿಯುತ್ತದೆ. ಕೊಡಗಿನಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಚಾರ್ನೊಕೈಟ್ ಎಂಬ ಶಿಲೆ ಇದೆ. ಅದರಲ್ಲಿರುವ ಪೈರಾಕ್ಸೀನ್ ಎಂಬ ಖನಿಜ ಬೇಗ ಕೊಳೆತು ಕಬ್ಬಿಣ ಬಿಡುತ್ತದೆ, ಬೆಣಚು ಮರಳಾಗಿ ಉಳಿಯುತ್ತದೆ. ಬಾಬಾಬುಡನ್‌ಗಿರಿ, ಕುದುರೆಮುಖದ ಕಬ್ಬಿಣದ ಶಿಲೆಗಳ ಪಕ್ಕದ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಸಹಜವಾಗಿಯೇ ಹೆಚ್ಚು. ಅಭ್ರಕ ಹೆಚ್ಚಿರುವ ಶಿಸ್ಟ್ ಮೇಲಿನ ತೋಟಕ್ಕೆ ಒಂದು ಭಾಗ್ಯವಿದೆ: ಪೊಟ್ಯಾಷ್ ಸ್ವಲ್ಪ ಸ್ವಲ್ಪವಾಗಿ ಒಳಗಿನಿಂದಲೇ ಬರುತ್ತಿರುತ್ತದೆ. ಪಕ್ಕದ ಗುಡ್ಡದ ನೈಸ್ ಮೇಲಿನ ತೋಟಕ್ಕೆ ಅಷ್ಟು ಇರುವುದಿಲ್ಲ. ನೆರೆಯವರ ಗೊಬ್ಬರದ ಪ್ರಮಾಣವನ್ನು ಕುರುಡಾಗಿ ಅನುಸರಿಸಬಾರದು ಎನ್ನುವುದು ಇದಕ್ಕೇ.

ಬಣ್ಣದ ಬಗ್ಗೆ ಒಂದು ಮಾತು. ಕೆಂಪು ಕೊಡುವುದು ಹೆಮಟೈಟ್, ಹಳದಿಗಂದು ಕೊಡುವುದು ಗೋಥೈಟ್. ಎರಡೂ ಕಬ್ಬಿಣದ ಖನಿಜಗಳೇ. ನುಣ್ಣನೆಯ ಹೆಮಟೈಟ್ ನೂರರಲ್ಲಿ ಒಂದೆರಡು ಪಾಲು ಇದ್ದರೂ ಇಡೀ ಮಣ್ಣು ಕೆಂಪಾಗಿ ಕಾಣುತ್ತದೆ. ಹಾಗಾಗಿ ಕಡುಕೆಂಪು ಎಂದರೆ ಕಬ್ಬಿಣ ಬಹಳ ಎಂದು ಅರ್ಥವಲ್ಲ. ಬಿಸಿಲು ಕಾಯುವ, ಒಣಗುವ ಜಾಗದಲ್ಲಿ ಹೆಮಟೈಟ್ ಹುಟ್ಟುತ್ತದೆ. ತಂಪು, ತೇವ, ದರಗು ಇರುವಲ್ಲಿ ಗೋಥೈಟ್. ಬಯಲಿನಿಂದ ಘಟ್ಟದ ನೆತ್ತಿಯ ಕಡೆ ಹೋದಂತೆ ಮಣ್ಣು ಕೆಂಪಿನಿಂದ ಹಳದಿಗಂದಿಗೆ ತಿರುಗುವುದು ಇದೇ ಕಾರಣಕ್ಕೆ. ಉತ್ತರ ಕನ್ನಡದ ಮನೆಗಳಲ್ಲಿ ಹಬ್ಬಕ್ಕೆ ಗೋಡೆಗೂ ಹೊಸ್ತಿಲಿಗೂ ಶೇಡಿ, ಕೆಮ್ಮಣ್ಣು ಬಳಿಯುತ್ತಾರಲ್ಲ, ಆ ಬಿಳಿ ಕಯೋಲಿನೈಟ್, ಆ ಕೆಂಪು ಹೆಮಟೈಟ್. ಘಟ್ಟದ ಮಣ್ಣಿನ ಎರಡು ಮುಖ್ಯ ಪಾತ್ರಗಳು ಒಂದೇ ಗೋಡೆಯ ಮೇಲೆ ಅಕ್ಕಪಕ್ಕ.

ಜೇಡಿ ಅಂಶದ ಪೂರ್ಣ ರಾಸಾಯನಿಕ ವಿಶ್ಲೇಷಣೆ ಕೈಗೆ ಸಿಕ್ಕರೆ ಒಂದು ಸಣ್ಣ ಲೆಕ್ಕ ಮಾಡಬಹುದು. ಸಿಲಿಕಾದ ಶೇಕಡಾ ಪ್ರಮಾಣವನ್ನು 60ರಿಂದ, ಅಲ್ಯೂಮಿನಾದ ಶೇಕಡಾ ಪ್ರಮಾಣವನ್ನು 102ರಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಶುದ್ಧ ಕಯೋಲಿನೈಟ್‌ಗೆ ಉತ್ತರ 2. ಉದಾಹರಣೆಗೆ ಸಿಲಿಕಾ ಶೇ. 38, ಅಲ್ಯೂಮಿನಾ ಶೇ. 36 ಇದ್ದರೆ ಉತ್ತರ ಸುಮಾರು 1.8. ಎರಡಕ್ಕಿಂತ ಕೆಳಗೆ ಬಂದಷ್ಟೂ ಗಿಬ್ಸೈಟ್ ಇದೆ ಎಂದರ್ಥ. ಆದರೆ ಜೇಡಿಯ ಭಾಗದಲ್ಲಿ ನುಣ್ಣನೆಯ ಬೆಣಚು ಉಳಿದುಕೊಂಡಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಖನಿಜದ ಹರಳಿನ ಪದರಗಳ ಅಂತರ ತೋರಿಸುವ ಎಕ್ಸ್‌ರೇ ನಕ್ಷೆಯಲ್ಲಿ 4.85 ಆಂಗ್‌ಸ್ಟ್ರಾಮ್ ಬಳಿ ಗಿಬ್ಸೈಟ್, 7.15ರಲ್ಲಿ ಕಯೋಲಿನೈಟ್, 4.18ರಲ್ಲಿ ಗೋಥೈಟ್, 3.34ರಲ್ಲಿ ಬೆಣಚು ಎದ್ದು ಕಾಣುತ್ತವೆ. 7ರ ಗೆರೆ ಕ್ಲೋರೈಟ್ ಎಂಬ ಇನ್ನೊಂದು ಖನಿಜಕ್ಕೂ ಇದೆ. ಮಾದರಿಯನ್ನು 550 ಡಿಗ್ರಿಗೆ ಕಾಯಿಸಿದಾಗ ಆ ಗೆರೆ ಅಳಿಸಿಹೋದರೆ ಅದು ಕಯೋಲಿನೈಟ್. ಇನ್ನೊಂದು ಎಡವಟ್ಟು ಹ್ಯಾಲೊಸೈಟ್‌ನದು. ಹಸಿಯಿದ್ದಾಗ 10ರಲ್ಲಿ ಕಾಣುವ ಈ ಖನಿಜ ಒಣಗಿದೊಡನೆ 7ಕ್ಕೆ ಕುಸಿದು ಮತ್ತೆ ಮೊದಲಿನಂತಾಗುವುದಿಲ್ಲ. ಮಾದರಿ ಒಣಗಿಸಿ ಕಳಿಸಿದರೆ ವರದಿಯಲ್ಲಿ ಅದೂ ಕಯೋಲಿನೈಟ್ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಿಡಿತ ಎಲ್ಲಿಂದ ಬರುತ್ತದೆ

ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಅಮೋನಿಯಂ ಇವೆಲ್ಲ ಧನ ವಿದ್ಯುದಂಶ ಇರುವ ಕಣಗಳು. ಮಣ್ಣಿನಲ್ಲಿ ಋಣ ವಿದ್ಯುದಂಶ ಇದ್ದಷ್ಟೂ ಇವು ನಿಲ್ಲುತ್ತವೆ. ಹೀಗೆ ಹಿಡಿದಿಡುವುದಕ್ಕೆ ವಿನಿಮಯ ಸಾಮರ್ಥ್ಯ ಎಂದು ಹೆಸರು. ಅದನ್ನು ಕೆ.ಜಿ. ಮಣ್ಣಿಗೆ ಇಷ್ಟು ಸೆಂಟಿಮೋಲ್ (ವಿದ್ಯುದಂಶದ ಎಣಿಕೆ) ಎಂದು ಅಳೆಯುತ್ತಾರೆ. ವಿಜಯಪುರ, ಧಾರವಾಡ ಕಡೆಯ ಎರೆಭೂಮಿಯ ಸ್ಮೆಕ್ಟೈಟ್ ಜೇಡಿಗೆ ಇದು 80ರಿಂದ 150. ಕಯೋಲಿನೈಟ್‌ಗೆ ಬರೀ 3ರಿಂದ 15. ಕಯೋಲಿನೈಟ್‌ನ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನಡುವೆ ಯಾವ ಪೋಷಕಾಂಶಕ್ಕೂ ಜಾಗವಿಲ್ಲ, ಅಂಚು, ಹೊರಮೈಗಳಲ್ಲಷ್ಟೇ ಹಿಡಿತ.

ಒಂದು ಲೆಕ್ಕ ನೋಡೋಣ. ಮೇಲ್ಮಣ್ಣಿನಲ್ಲಿ ಶೇ. 35 ಕಯೋಲಿನೈಟ್ ಇದೆ, ಅದರ ಸಾಮರ್ಥ್ಯ 5 ಎಂದಿಟ್ಟುಕೊಳ್ಳಿ. ಇಡೀ ಮಣ್ಣಿಗೆ ಅದರ ಕೊಡುಗೆ 1.75. ಅದೇ ಮಣ್ಣಿನಲ್ಲಿ ಸಾವಯವ ಅಂಶ ಶೇ. 5 ಇದ್ದರೆ, ತಟಸ್ಥ ರಸಸಾರದಲ್ಲಿ (ಪಿಎಚ್ 7; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕೆ.ಜಿ.ಗೆ 200 ಸೆಂಟಿಮೋಲ್ ಲೆಕ್ಕದಲ್ಲಿ ಅದರ ಕೊಡುಗೆ 10. ರಸಸಾರ 5ಕ್ಕೆ ಇಳಿದರೆ ಈ 10 ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆಗಲೂ ಜೇಡಿಯ ಸುಮಾರು ಮೂರು ಪಟ್ಟು. ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ದರಗು ಗುಡಿಸಿ ಸುಟ್ಟವರು ಜೇಡಿಗಿಂತ ದೊಡ್ಡ ಉಗ್ರಾಣವನ್ನು ಸುಡುತ್ತಿದ್ದಾರೆ. ಹುಳಿ ಇಳಿಸಿದರೆ ಹೊಸ ಗೊಬ್ಬರ ಹಾಕದೆಯೂ ಇದ್ದ ಉಗ್ರಾಣ ದೊಡ್ಡದಾಗುತ್ತದೆ.

ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳ ಕಥೆ ತಿರುಗಾಮುರುಗಾ. ಗೋಥೈಟ್, ಗಿಬ್ಸೈಟ್ ಮೇಲ್ಮೈಯಲ್ಲಿ ರಸಸಾರ ಸುಮಾರು 8ರ ಕೆಳಗಿದ್ದಾಗಲೆಲ್ಲ ಧನ ವಿದ್ಯುದಂಶವೇ ಮೇಲುಗೈ. ದರಗಿನ ಅಂಶ ತಲುಪದ ಕೆಳಮಣ್ಣಿನಲ್ಲಿ ಇವೇ ಜಾಸ್ತಿ ಇದ್ದರೆ ಇಡೀ ಪದರ ಧನ ವಿದ್ಯುದಂಶಕ್ಕೆ ತಿರುಗಿಬಿಡುತ್ತದೆ. ಅಲ್ಲಿ ಪೊಟ್ಯಾಷ್ ನಿಲ್ಲದು, ನೈಟ್ರೇಟ್ ಮತ್ತು ಸಲ್ಫೇಟ್ ನಿಲ್ಲುತ್ತವೆ. ಪೊಟ್ಯಾಷನ್ನು ಒಂದೇ ಸಲಕ್ಕೆ ಸುರಿಯದೆ ಮಳೆಗಾಲದ ಮುಂಚೆ, ನಂತರ ಎಂದು ಭಾಗ ಮಾಡಿ ಕೊಡಿ ಎನ್ನುವ ಸಲಹೆಯ ಹಿಂದಿರುವ ಕಾರಣ ಇದು.

ಎರಡು ರಸಸಾರ ನೋಡುವುದು

ಈ ಸ್ಥಿತಿಯನ್ನು ತಿಳಿಯಲು ದುಬಾರಿ ಯಂತ್ರ ಬೇಡ. ಒಳ್ಳೆಯ ಪಿಎಚ್ ಮೀಟರು, ಅದನ್ನು ಹೊಂದಿಸಲು 4 ಮತ್ತು 7ರ ಬಫರ್, ಡಿಸ್ಟಿಲ್ಡ್ ನೀರು, ಲ್ಯಾಬಿನ ಪೊಟ್ಯಾಸಿಯಂ ಕ್ಲೋರೈಡ್ ಸಾಕು. 74.6 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಕರಗಿಸಿ ಒಂದು ಲೀಟರಿಗೆ ತನ್ನಿ. ಅಂಗಡಿಯ ಪೊಟ್ಯಾಷ್ ಗೊಬ್ಬರ ಇದಕ್ಕೆ ಬಾರದು. 2 ಮಿ.ಮೀ. ಜರಡಿ ಹಿಡಿದ ಒಣ ಮಣ್ಣು 10 ಗ್ರಾಂನಂತೆ ಎರಡು ಲೋಟಕ್ಕೆ ಹಾಕಿ. ಒಂದಕ್ಕೆ 25 ಮಿ.ಲೀ. ನೀರು, ಇನ್ನೊಂದಕ್ಕೆ 25 ಮಿ.ಲೀ. ಆ ದ್ರಾವಣ. ಆಗಾಗ ಕಲಕುತ್ತಾ ಅರ್ಧ ಗಂಟೆ ಬಿಟ್ಟು ಓದಿ.

ನೀರಿನಲ್ಲಿ 5.2, ದ್ರಾವಣದಲ್ಲಿ 4.2 ಬಂತೆನ್ನಿ. ಮಣ್ಣಿನಲ್ಲಿ ಋಣ ವಿದ್ಯುದಂಶ ಇದೆ, ಗೊಬ್ಬರ ನಿಲ್ಲುತ್ತದೆ. ಜತೆಗೆ, ಪೊಟ್ಯಾಸಿಯಂ ನೂಕಿದೊಡನೆ ಹೊರಬಂದ ಗುಪ್ತ ಹುಳಿಯೂ ಬಹಳವಿದೆ. ದ್ರಾವಣದ ಅಂಕಿ 4.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಪರೀಕ್ಷೆ ಮಾಡಿಸಲೇಬೇಕು. ಕೆಳಮಣ್ಣಿನಲ್ಲಿ ಎರಡೂ ಅಂಕಿ ಹತ್ತಿರ ಬಂದರೆ, ಅಥವಾ ದ್ರಾವಣದ್ದೇ ಹೆಚ್ಚಿದ್ದರೆ, ಅಲ್ಲಿ ಆಕ್ಸೈಡ್‌ಗಳದ್ದೇ ರಾಜ್ಯ. ಇನ್ನೊಂದು ಅನುಕೂಲ: ನೀರಿನಲ್ಲಿ ಅಳೆದ ರಸಸಾರ ಗೊಬ್ಬರ ಹಾಕಿದ ತಿಂಗಳಲ್ಲಿ, ಬೇಸಿಗೆಯಲ್ಲಿ, ಮಳೆ ಹೊಡೆದ ಮೇಲೆ ಬೇರೆ ಬೇರೆ ಬರುತ್ತದೆ. ದ್ರಾವಣದಲ್ಲಿ ಅಳೆದದ್ದು ಅಷ್ಟು ಓಲಾಡುವುದಿಲ್ಲ. ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸಲು ಇದೇ ಒಳ್ಳೆಯದು. ಲಿಟ್ಮಸ್ ಪಟ್ಟಿಯನ್ನು ಈ ಕೆಲಸಕ್ಕೆ ನಂಬಬೇಡಿ.

ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ವಿನಿಮಯ ಅಲ್ಯೂಮಿನಿಯಂ, ಅಂದರೆ ಮಣ್ಣಿನ ಕಣಗಳಿಗೆ ಸಡಿಲವಾಗಿ ಅಂಟಿಕೊಂಡಿರುವ ಅಲ್ಯೂಮಿನಿಯಂ, ಇಲ್ಲ. ಘಟ್ಟದ ಮಣ್ಣಿಗೆ ಅತಿ ಮುಖ್ಯವಾದ ಅಂಕಿಯೇ ಬಿಟ್ಟುಹೋಗಿರುವುದು ನೋವಿನ ಸಂಗತಿ. ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಇಂಗಾಲ ಶೇ. 0.75 ದಾಟಿದರೆ ಕಾರ್ಡಿನಲ್ಲಿ ಹೆಚ್ಚು ಎಂದು ಬರುತ್ತದೆ. ಮಲೆನಾಡಿನಲ್ಲಿ ಶೇ. 2 ಸಾಮಾನ್ಯ. ಆ ‘ಹೆಚ್ಚು’ ನೋಡಿ ಸಾರಜನಕ ಸಾಕೆಂದು ಕೈಬಿಡಬೇಡಿ. ಇಲ್ಲಿಯ ಸಾವಯವ ಅಂಶದ ಒಂದು ಪಾಲು ಅಲ್ಯೂಮಿನಿಯಂ ಜತೆ ಬೆಸೆದುಕೊಂಡು ಸೂಕ್ಷ್ಮಾಣುಗಳಿಗೆ ಸುಲಭಕ್ಕೆ ದಕ್ಕದೆ ಕೂತಿರುತ್ತದೆ. ನೀಲಗಿರಿಯ ಎರಡು ಸಾವಿರ ಮೀಟರ್ ಮೇಲಿನ ಶೋಲಾ, ಹುಲ್ಲುಗಾವಲುಗಳ ಕಡುಕಪ್ಪು ಮಣ್ಣಿನಲ್ಲಿ ಇದು ಎಷ್ಟರಮಟ್ಟಿಗೆ ನಡೆದಿದೆಯೆಂದರೆ, ಜ್ವಾಲಾಮುಖಿಯ ಬೂದಿಯೇ ಇಲ್ಲದ ಜಾಗದಲ್ಲಿ ಜ್ವಾಲಾಮುಖಿ ಮಣ್ಣಿನ ಗುಣ ಬಂದಿದೆ.

ಅಲ್ಯೂಮಿನಿಯಂ, ಸುಣ್ಣದ ಲೆಕ್ಕ

ರಸಸಾರ 5.5ರ ಮೇಲಿದ್ದರೆ ಅಲ್ಯೂಮಿನಿಯಂ ಘನರೂಪದಲ್ಲಿ ತೆಪ್ಪಗಿರುತ್ತದೆ. 5ಕ್ಕಿಂತ ಇಳಿದಂತೆ ನೀರಿಗೆ ಬರುತ್ತದೆ. ಮೊದಲ ಪೆಟ್ಟು ಬೇರಿನ ತುದಿಗೆ. ತುದಿ ಕಂದಾಗಿ ದಪ್ಪವಾಗುತ್ತದೆ, ಕವಲು ಬೇರು ಮೋಟಾಗುತ್ತದೆ. ಗಿಡ ಮೇಲಿನ ಗೇಣಿನಲ್ಲೇ ಬೇರು ಬಿಟ್ಟುಕೊಂಡಿರುವುದರಿಂದ ಫೆಬ್ರವರಿಯಲ್ಲೇ ಬಾಡುತ್ತದೆ, ಎರಡು ಅಡಿ ಕೆಳಗೆ ತೇವ ಇದ್ದರೂ. ನೀರಿನ ಕೊರತೆ ಎಂದು ಕಾಣುವ ಎಷ್ಟೋ ತೋಟದ ನಿಜವಾದ ಕಾಯಿಲೆ ಇದು. ಬೇಲಿಯ ಬದಿಯಲ್ಲಿ ನೆಕ್ಕರಿಕೆ ದಟ್ಟವಾಗಿ ಬೆಳೆದಿದ್ದರೆ ಅದೂ ಸುಳಿವೇ, ಆ ಗಿಡ ಅಲ್ಯೂಮಿನಿಯಂ ಅನ್ನು ಎಲೆಯಲ್ಲಿ ಕೂಡಿಟ್ಟುಕೊಂಡು ಬದುಕಬಲ್ಲದು. ಚಹಾ ಗಿಡವೂ ಹಾಗೆಯೇ. ಚಹಾಕ್ಕೆ ಹುಳಿ ಮಣ್ಣು ಬೇಕು, ಇಲ್ಲಿಯ ಸುಣ್ಣದ ಮಾತು ಅದಕ್ಕೆ ಅನ್ವಯಿಸದು.

ಸುಣ್ಣ ಎಷ್ಟು ಎನ್ನುವುದನ್ನು ಬರೀ ರಸಸಾರ ನೋಡಿ ಹೇಳಲಾಗದು. ರಸಸಾರ 5 ಇರುವ ಮರಳು ಮಣ್ಣಿಗೂ ರಸಸಾರ 5 ಇರುವ ದರಗುಮಣ್ಣಿಗೂ ಬೇಕಾದ ಸುಣ್ಣ ಬೇರೆ ಬೇರೆ. ವಿನಿಮಯ ಅಲ್ಯೂಮಿನಿಯಂ ಅಂಕಿ ಹಿಡಿದು ಲೆಕ್ಕ ಹಾಕಬೇಕು. ಕೆ.ಜಿ. ಮಣ್ಣಿನಲ್ಲಿ 1 ಸೆಂಟಿಮೋಲ್ ಅಲ್ಯೂಮಿನಿಯಂ ತಣಿಸಲು ಅರ್ಧ ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಸಾವಯವ ಅಂಶದ ಹುಳಿಯೂ ಸುಣ್ಣ ತಿನ್ನುವುದರಿಂದ ಒಂದೂವರೆ ಪಟ್ಟು ಹಾಕುತ್ತಾರೆ. ಇಲ್ಲಿಯವರೆಗೆ ಸರಿ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಹೆಕ್ಟೇರಿನ 15 ಸೆಂ.ಮೀ. ಆಳದ ಮಣ್ಣು 2000 ಟನ್ ಎಂದು ಪುಸ್ತಕದ ಲೆಕ್ಕ. ಅಲ್ಯೂಮಿನಿಯಂ 1.2 ಇದ್ದರೆ ಹೆಕ್ಟೇರಿಗೆ 1.8 ಟನ್, ಎಕರೆಗೆ ಸುಮಾರು 730 ಕೆ.ಜಿ. ಶುದ್ಧ ಸುಣ್ಣಕಲ್ಲು ಎಂದು ಬರುತ್ತದೆ.

ಆದರೆ ದರಗು ಬೆರೆತ ಮಲೆನಾಡಿನ ಮೇಲ್ಮಣ್ಣು ಹಗುರ. ಒಂದು ಘನಮೀಟರು ಒಂದು ಟನ್ನಿನ ಆಸುಪಾಸು ತೂಗುತ್ತದೆ. ಅಂದರೆ 15 ಸೆಂ.ಮೀ.ಗೆ 1500 ಟನ್. ಅದರಲ್ಲಿ ತೂಕದ ಶೇ. 30 ಗರಸು (ಜರಡಿಯಲ್ಲಿ ಇಳಿಯದ ಸಣ್ಣ ಕಲ್ಲು) ಇದ್ದರೆ ನಿಜವಾದ ಮಣ್ಣು 1050 ಟನ್. ಲ್ಯಾಬು ಅಳೆದದ್ದು ಜರಡಿಯಿಂದ ಇಳಿದ ಮಣ್ಣನ್ನು ಮಾತ್ರ, ಗರಸನ್ನಲ್ಲ. ಈಗ ಲೆಕ್ಕ ಹಾಕಿದರೆ ಎಕರೆಗೆ ಸುಮಾರು 380 ಕೆ.ಜಿ. ಅರ್ಧಕ್ಕೆ ಅರ್ಧ ವ್ಯತ್ಯಾಸ. ತಂದ ಸುಣ್ಣದ ತಣಿಸುವ ಶಕ್ತಿ ಶೇ. 85 ಇದ್ದರೆ 450 ಕೆ.ಜಿ. ಹಾಕಿ. ಡೋಲೊಮೈಟ್ ಆದರೆ ಮೆಗ್ನೀಸಿಯಂ ಕೂಡ ಸಿಗುತ್ತದೆ, ಶುದ್ಧವಾಗಿದ್ದರೆ ಅದರ ಶಕ್ತಿ ಶೇ. 108. ಘಟ್ಟದ ಮಣ್ಣಿಗೆ ನನ್ನ ಆಯ್ಕೆ ಅದೇ, ಏಕೆಂದರೆ ಮಳೆಗೆ ಕ್ಯಾಲ್ಸಿಯಂ ಜತೆ ಮೆಗ್ನೀಸಿಯಂ ಕೂಡ ತೊಳೆದು ಹೋಗಿರುತ್ತದೆ. ಸುಟ್ಟ ಸುಣ್ಣದ ಶಕ್ತಿ ಹೆಚ್ಚು, ಅವಸರವೂ ಹೆಚ್ಚು. ನಿಂತ ಬೆಳೆಯ ಬುಡಕ್ಕೆ ಅದು ಬೇಡ.

ಪುಡಿ ಎಷ್ಟು ನುಣುಪು ಎಂದು ಕೊಳ್ಳುವ ಮುಂಚೆ ಬೆರಳಲ್ಲಿ ಉಜ್ಜಿ ನೋಡಿ. ಕಾಲು ಮಿ.ಮೀ.ಗಿಂತ ಸಣ್ಣದು ಬೇಗ ಕೆಲಸ ಮಾಡುತ್ತದೆ, 2 ಮಿ.ಮೀ. ದಾಟಿದ ಹರಳು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಉಳುಮೆ ಇಲ್ಲದ ತೋಟದಲ್ಲಿ ಸುಣ್ಣ ಬಹಳ ನಿಧಾನವಾಗಿ ಕೆಳಗಿಳಿಯುವುದರಿಂದ ಮೇಲೆ ಚೆಲ್ಲಿ, ಬೇರು ಕಡಿಯದಂತೆ ಹಗುರವಾಗಿ ಕೆದಕಬೇಕು. ಎರಡು ಕಂತಿನಲ್ಲಿ ಎರಡು ವರ್ಷಕ್ಕೆ ಹಂಚುವುದು ಕ್ಷೇಮ. ಮಳೆ ಬಿಟ್ಟು ನೆಲದಲ್ಲಿ ಇನ್ನೂ ಹದ ಇರುವ ಅಕ್ಟೋಬರ್, ನವೆಂಬರ್ ಒಳ್ಳೆಯ ಸಮಯ. ಯೂರಿಯಾ, ಅಮೋನಿಯಂ ಗೊಬ್ಬರಗಳಿಗೂ ಸುಣ್ಣಕ್ಕೂ ಒಂದು ತಿಂಗಳಿಗೆ ಕಡಿಮೆಯಿಲ್ಲದ ಅಂತರವಿರಲಿ, ಇಲ್ಲವಾದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಗುರಿ 5.5ರಿಂದ 6. ಏಳಕ್ಕೆ ಏರಿಸಲು ಹೋದರೆ ಸತು, ಬೋರಾನ್, ಮ್ಯಾಂಗನೀಸ್ ಗಿಡಕ್ಕೆ ಸಿಗದಂತಾಗುತ್ತವೆ. ಸುಣ್ಣ ಹಾಕಿದ ಮರುವರ್ಷ ಕಾಫಿಯ ಚಿಗುರೆಲೆ ಕಿರಿದಾಗಿ ಗೊಂಚಲು ಕಟ್ಟಿದರೆ ಅದು ಸತುವಿನ ಕೊರತೆ.

ಕೆಳಮಣ್ಣಿನ ಅಲ್ಯೂಮಿನಿಯಂ ಅನ್ನು ಸುಣ್ಣ ಮುಟ್ಟುವುದಿಲ್ಲ. ಜಿಪ್ಸಂ ಮುಟ್ಟುತ್ತದೆ. ಅದು ರಸಸಾರ ಏರಿಸದು, ಆದರೆ ನೀರಿನೊಡನೆ ಇಳಿದು ಕೆಳಗಿನ ಬೇರಿಗೆ ಕ್ಯಾಲ್ಸಿಯಂ ಒದಗಿಸುತ್ತದೆ. ಅದರ ಸಲ್ಫೇಟ್ ಅಲ್ಯೂಮಿನಿಯಂ ಜತೆ ಜೋಡಿಯಾಗಿ ವಿಷವನ್ನು ಕಡಿಮೆ ಮಾಡುತ್ತದೆ.

ಹುಳಿ ಮತ್ತೆ ಬರುವುದು ಎಲ್ಲಿಂದ ಎಂದರೆ, ಬಹಳ ಮಟ್ಟಿಗೆ ಗೊಬ್ಬರದ ಚೀಲದಿಂದಲೇ. 100 ಕೆ.ಜಿ. ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಹುಳಿ ತಣಿಸಲು ಸುಮಾರು 110 ಕೆ.ಜಿ. ಸುಣ್ಣಕಲ್ಲಿನ ಪುಡಿ ಬೇಕು, 100 ಕೆ.ಜಿ. ಯೂರಿಯಾಕ್ಕೆ ಸುಮಾರು 80. ಪ್ರತಿ ವರ್ಷದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ರಂಜಕ ಎಲ್ಲಿ ಮಾಯವಾಗುತ್ತದೆ

ಗೋಥೈಟ್, ಗಿಬ್ಸೈಟ್ ಕಣಗಳ ಮೈಮೇಲಿನ ಹೈಡ್ರಾಕ್ಸಿಲನ್ನು ತಳ್ಳಿ ಫಾಸ್ಫೇಟ್ ಆ ಜಾಗ ಹಿಡಿಯುತ್ತದೆ. ಇದು ಪೊಟ್ಯಾಷ್ ಅಂಟಿಕೊಂಡಂತೆ ಸಡಿಲವಾದ ಅಂಟಲ್ಲ, ರಾಸಾಯನಿಕ ಬಂಧ. ದಿನ ಕಳೆದಷ್ಟೂ ಬಿಗಿಯಾಗುತ್ತದೆ. ಸೂಪರ್ ಫಾಸ್ಫೇಟನ್ನು ಕೆಮ್ಮಣ್ಣಿನೊಡನೆ ಚೆನ್ನಾಗಿ ಕಲಸುವುದು ಅದನ್ನು ಕಣಕಣಕ್ಕೂ ಹಂಚಿ ಬಂಧಿಸಿದಂತೆ. ಬದಲಿಗೆ ಕೊಟ್ಟಿಗೆ ಗೊಬ್ಬರದ ಜತೆ ಬೆರೆಸಿ ಬೇರಿರುವ ವರ್ತುಲದಲ್ಲಿ ಪಟ್ಟಿಯಾಗಿ ಹಾಕಿ. ಗೊಬ್ಬರ ಕೊಳೆಯುವಾಗ ಬರುವ ಸಿಟ್ರೇಟ್, ಆಕ್ಸಲೇಟ್‌ಗಳು ಅದೇ ಆಕ್ಸೈಡ್ ಮೈಯನ್ನು ಮೊದಲೇ ಆಕ್ರಮಿಸಿಕೊಂಡು ರಂಜಕಕ್ಕೆ ದಾರಿ ಬಿಡುತ್ತವೆ.

ಶಿಲಾರಂಜಕ (ರಾಕ್ ಫಾಸ್ಫೇಟ್) ಹುಳಿ ಮಣ್ಣಿಗೆ ಹೇಳಿ ಮಾಡಿಸಿದ್ದು, 5.5ಕ್ಕಿಂತ ಕೆಳಗೆ ಮಣ್ಣಿನ ಹುಳಿಯೇ ಅದನ್ನು ಕರಗಿಸುತ್ತದೆ. ಅದೇ ಕಾರಣಕ್ಕೆ ಸುಣ್ಣವನ್ನೂ ಶಿಲಾರಂಜಕವನ್ನೂ ಒಂದೇ ಸಲ, ಒಂದೇ ಜಾಗಕ್ಕೆ ಹಾಕಿದರೆ ಕರಗುವ ಕೆಲಸ ನಿಂತುಹೋಗುತ್ತದೆ. ಶಿಲಾರಂಜಕದ ಖರ್ಚು ವ್ಯರ್ಥ. ನೆಡುವಾಗ ಗುಂಡಿಗೆ ಶಿಲಾರಂಜಕ, ಬೇರೆ ಋತುವಿನಲ್ಲಿ ಮೇಲೆ ಸುಣ್ಣ ಎಂದು ಬೇರ್ಪಡಿಸಿ. ಪರೀಕ್ಷೆಗೆ ಕೊಡುವಾಗ ಹುಳಿ ಮಣ್ಣಿನ ರಂಜಕಕ್ಕೆ ಬ್ರೇ ವಿಧಾನ ಬಳಸುತ್ತಾರೆಯೇ ಎಂದು ಕೇಳಿ. ಓಲ್ಸನ್ ವಿಧಾನ ಸುಣ್ಣದಂಶದ, ಕ್ಷಾರದ ಮಣ್ಣಿಗೆಂದು ರೂಪಿಸಿದ್ದು. ಒಂದರ ಅಂಕಿಯನ್ನು ಇನ್ನೊಂದರ ಕೋಷ್ಟಕದಲ್ಲಿಟ್ಟು ಓದಿದರೆ ಸಲಹೆ ಪೂರ್ತಿ ಹಳಿ ತಪ್ಪುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಈ ಕಪ್ಪು ಗೇಣಿನಲ್ಲೇ ಶೇಖರವಾಗುತ್ತದೆ. ಶೇ. 1ರ ದ್ರಾವಣ 400 ಲೀಟರಿಗೆ 4 ಕೆ.ಜಿ. ಮೈಲುತುತ್ತ, ಅಂದರೆ ಒಂದು ಕೆ.ಜಿ. ತಾಮ್ರ. ಸಾವಯವ ಅಂಶ ಅದನ್ನು ಬಿಗಿಯಾಗಿ ಹಿಡಿದಿರುವವರೆಗೆ ತೊಂದರೆ ಕಾಣದು. ಹುಳಿ ಏರಿ ದರಗು ಕರಗಿದ ಹಳೆಯ ತೋಟದಲ್ಲಿ ಮರುನಾಟಿಯ ಎಳೆ ಸಸಿಗೆ ಅದು ತಗಲುತ್ತದೆ. ಮರುನಾಟಿಗೆ ಮೊದಲು ತಾಮ್ರದ ಅಂಕಿ ನೋಡಿ.

ಮಾದರಿ ತೆಗೆಯುವಾಗ

ಗೊಬ್ಬರ ಹಾಕಿ ಮೂರು ತಿಂಗಳಾದರೂ ಕಳೆದಿರಲಿ. ಇಳಿಜಾರಿನ ನೆತ್ತಿ, ನಡು, ಬುಡ ಮೂರಕ್ಕೂ ಬೇರೆ ಬೇರೆ ಮಾದರಿ. ಒಂದೊಂದಕ್ಕೂ 10ರಿಂದ 15 ಕಡೆ ಅಗೆಯಿರಿ. 0ಯಿಂದ 15, 15ರಿಂದ 30 ಸೆಂ.ಮೀ. ಎಂದು ಪ್ರತ್ಯೇಕ ಚೀಲ. ತಗಡಿನ ಬಕೆಟ್ಟು ಬಳಸಿದರೆ ಸತುವಿನ ಅಂಕಿ ಸುಳ್ಳಾಗುತ್ತದೆ. ಗೊಬ್ಬರದ ಹಳೆ ಚೀಲದಲ್ಲಿ ತುಂಬಿದರೆ ಎಲ್ಲವೂ. ನೆರಳಿನಲ್ಲಿ ಒಣಗಿಸಿ, ಮರದ ಕೊಡತಿಯಿಂದ ಹೆಂಟೆ ಒಡೆಯಿರಿ, ಗರಸನ್ನು ಕುಟ್ಟಿ ಪುಡಿ ಮಾಡಬೇಡಿ. ಜರಡಿಯ ಮೇಲೆ ಉಳಿದ ಗರಸನ್ನು ತೂಗಿ ಬರೆದಿಟ್ಟುಕೊಳ್ಳಿ. ಮೇಲೆ ಹೇಳಿದ ಸುಣ್ಣದ ಲೆಕ್ಕಕ್ಕೆ ಆ ತೂಕವೇ ಬೇಕು. ಕೈಯಲ್ಲಿ ಉಜ್ಜಿ ಮಣ್ಣಿನ ಜಾತಿ ಹೇಳುವಾಗಲೂ ಜಾಗ್ರತೆ. ಕಬ್ಬಿಣ ಜೇಡಿಯ ಕಣಗಳನ್ನು ಸಣ್ಣ ಉಂಡೆ ಕಟ್ಟಿಸಿರುವುದರಿಂದ ಮೊದಲಿಗೆ ಮರಳಿನಂತೆ ತೋರುತ್ತದೆ. ಒದ್ದೆ ಮಾಡಿ ಒಂದೆರಡು ನಿಮಿಷ ಉಜ್ಜುತ್ತಲೇ ಇದ್ದರೆ ಉಂಡೆ ಒಡೆದು ಜೇಡಿ ಬೆರಳಿಗೆ ಅಂಟುತ್ತದೆ.

ವರದಿಯಲ್ಲಿ ವಿನಿಮಯ ಸಾಮರ್ಥ್ಯದ ಅಂಕಿ ಬಂದರೆ ಯಾವ ರಸಸಾರದಲ್ಲಿ ಅಳೆದದ್ದು ಎಂದು ಕೇಳಿ. ಅಮೋನಿಯಂ ಅಸಿಟೇಟ್ ವಿಧಾನ ಮಣ್ಣನ್ನು 7ಕ್ಕೆ ತಂದು ಅಳೆಯುತ್ತದೆ. ನಿಮ್ಮ ಮಣ್ಣು ಇರುವುದು 4.8ರಲ್ಲಿ. ಕಾಗದದ ಮೇಲೆ 14 ಎಂದು ಕಾಣುವ ಮಣ್ಣು ತೋಟದಲ್ಲಿ 5ರ ಹಾಗೆ ನಡೆದುಕೊಳ್ಳಬಹುದು.

ತೋಟಕ್ಕೆ ಹೊಸ ಮಣ್ಣು

ಅಡಿಕೆ ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಧರೆ ಕಡಿದು ಕೆಮ್ಮಣ್ಣು ಏರಿಸುವ ಪದ್ಧತಿ ಹಳೆಯದು. ಮಳೆಗೆ ತೊಳೆದು ಹೊರಬಂದ ಬೇರು ಮುಚ್ಚುತ್ತದೆ, ಬಸಿ ಸುಧಾರಿಸುತ್ತದೆ, ಮರ ಗಟ್ಟಿ ನಿಲ್ಲುತ್ತದೆ. ಇವು ನಿಜವಾದ ಲಾಭಗಳು. ಪೋಷಕಾಂಶದ ದೃಷ್ಟಿಯಿಂದ ಮಾತ್ರ ಹೊಸ ಕೆಮ್ಮಣ್ಣಿನಲ್ಲಿ ಹೆಚ್ಚೇನೂ ಇಲ್ಲ. ರಂಜಕ ಕಾಣದೆ ಹಸಿದಿರುವ ಆಕ್ಸೈಡ್ ಕಣಗಳನ್ನು ತಂದು ಕಪ್ಪು ಗೇಣಿನ ಮೇಲೆ ಹೊದಿಸಿದಂತಾಗುತ್ತದೆ. ಆ ವರ್ಷ ಹಾಕಿದ ರಂಜಕದ ದೊಡ್ಡ ಪಾಲು ಅದಕ್ಕೇ ಸಲ್ಲುತ್ತದೆ. ಹಾಕಲೇಬೇಕಾದರೆ ತೆಳುವಾಗಿ ಹರಡಿ, ಅದರ ಮೇಲೆ ಸೊಪ್ಪಿನ ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಹಾಸಿ, ಗೊಬ್ಬರದ ರಂಜಕವನ್ನು ಆ ಹಾಸಿನೊಳಗೆ ಕೊಡಿ. ಧರೆಯ ತೀರಾ ಕೆಳಗಿನ ಬಿಳಿ, ನಸುಗೆಂಪು ಶೇಡಿ ಮಣ್ಣು ಬೇಡವೇ ಬೇಡ. ಒಣಗಿದಾಗ ಗಟ್ಟಿ, ನೀರು ಕುಡಿದೊಡನೆ ಕುಸಿಯುವ ಮಣ್ಣು ಅದು. ಅದನ್ನು ತೆಗೆಯಲು ಬುಡ ಕೊರೆದರೆ ಮೇಲಿನ ಜಂಬಿಟ್ಟಿಗೆ ಕಲ್ಲಿನ ಪದರ ಮುಂದಿನ ಮಳೆಗೆ ಕೆಳಗೆ ಬರುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಎಷ್ಟೋ ತೋಟಗಳ ಕಪ್ಪು ಗೇಣು ಮರಗಳ ಸಮೇತ ಹೋಯಿತು, ಉಳಿದದ್ದು ಕೊಳೆತ ಬಂಡೆಯ ಮಣ್ಣು. ಅಂಥ ಕಡೆ ಮೊದಲ ವರ್ಷವೇ ಕಾಫಿ ಗಿಡ ನೆಡುವುದು ಅವಸರ. ಮೊದಲು ನೀರಿನ ದಾರಿ ಸರಿಪಡಿಸಿ, ಡೋಲೊಮೈಟ್ ಮತ್ತು ಶಿಲಾರಂಜಕವನ್ನು ಬೇರೆ ಬೇರೆ ಋತುವಿನಲ್ಲಿ ಕೊಟ್ಟು, ಗ್ಲಿರಿಸಿಡಿಯಾ, ಹಾಲುವಾಣದಂಥ ಸೊಪ್ಪಿನ ಗಿಡ ಎಬ್ಬಿಸಿ ಸವರಿ ಸವರಿ ಹಾಸಬೇಕು. ಆಮೇಲೆ ಪ್ರತಿ ವರ್ಷ ಅದೇ ತಿಂಗಳಲ್ಲಿ, ಅದೇ ಗುರುತಿನ ಕಂಬದ ಬಳಿ ಎರಡು ಲೋಟದ ಪರೀಕ್ಷೆ ಮಾಡಿ. ದ್ರಾವಣದ ರಸಸಾರ 4.5 ದಾಟಿ, ಮೇಲಿನ ಎರಡು ಬೆರಳಷ್ಟಾದರೂ ಮಣ್ಣು ಕಂದಾಗಿ, ಹಿಡಿದರೆ ಹರಳು ಹರಳಾಗಿ ಬಿಡಿಸಿಕೊಳ್ಳುವಂತಾದಾಗ ಗುಂಡಿ ತೆಗೆಯಬಹುದು.